‘ಅಪ್ಪನ ಕುಣಿತ’: ಈ ಅಪ್ಪನಿಗೆ ನೀನು ಅನ್ನಬೇಕಾ, ನೀವು ಅನ್ನಬೇಕಾ?

ಓದಿನಮನೆ:

ನಮ್ಮ ಊರಲ್ಲಿ ಹತ್ತು-ಹನ್ನೆರಡು ಜನ ಸೇರಿ ತಿಂಗಳಿಗೊಮ್ಮೆ ಕವಿತೆ ಓದುತ್ತೇವೆ. ಈ ಸಲ ಅಮೆರಿಕದ ಕವಿ ಥಿಯೊಡೋರ್ ರೆಟ್ಕಿಯ ‘ಮೈ ಪಾಪಾಸ್ ವಾಲ್ಟ್ಸ್’ ತೆಗೆದುಕೊಂಡೆವು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾರೇ ಸಾಲು, ಒಂದು ಸಂಜೆಯಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಮೂರು ವಾರ ಆಯಿತು, ಇನ್ನೂ ಮೊದಲ ಸಾಲಲ್ಲೇ ಇದ್ದೇನೆ.

ಓದದೇ ಇರುವವರಿಗೆ ಕತೆ ಇಷ್ಟು. ರಾತ್ರಿ ಹೊತ್ತು, ಅಡುಗೆಮನೆ. ಅಪ್ಪನ ಉಸಿರಲ್ಲಿ ವಿಸ್ಕಿ ವಾಸನೆ, ಆ ವಾಸನೆಗೇ ಮಗುವಿಗೆ ತಲೆ ಸುತ್ತುತ್ತದೆ. ಅಪ್ಪ ಮಗನ ಮಣಿಕಟ್ಟು ಹಿಡಿದು ಕುಣಿಸುತ್ತಾನೆ. ಕುಣಿತದ ರಭಸಕ್ಕೆ ಪಾತ್ರೆಗಳು ಜಾರಿ ಬೀಳುತ್ತವೆ. ಅಮ್ಮ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಾಳೆ. ಅಪ್ಪನ ಬೆರಳ ಗೆಣ್ಣೊಂದು ಜಜ್ಜಿಹೋಗಿದೆ. ಅವನು ಹೆಜ್ಜೆ ತಪ್ಪಿದಾಗಲೆಲ್ಲ ಮಗನ ಬಲಗಿವಿ ಅಪ್ಪನ ಬೆಲ್ಟಿನ ಬಕಲ್‌ಗೆ ಉಜ್ಜುತ್ತದೆ. ಮಣ್ಣು ಮೆತ್ತಿ ಗಟ್ಟಿಯಾದ ಅಂಗೈಯಿಂದ ಅಪ್ಪ ಮಗನ ತಲೆಯ ಮೇಲೆ ತಾಳ ಹಾಕುತ್ತಾನೆ. ಹಾಗೇ ಕುಣಿಸುತ್ತ ಹಾಸಿಗೆಗೆ ಒಯ್ಯುತ್ತಾನೆ. ಮಗು ಇನ್ನೂ ಅಪ್ಪನ ಅಂಗಿಗೆ ಅಂಟಿಕೊಂಡೇ ಇದೆ. ಅಷ್ಟೇ, ಕವಿತೆ ಮುಗಿಯಿತು.

ಹೋದ ಸಲ ಸೇರಿದಾಗ ನಮ್ಮಲ್ಲೇ ಎರಡು ಪಂಗಡ ಆಯಿತು. ಅರ್ಧ ಜನ ಇದು ಹೊಡೆತದ ಕವಿತೆ ಅಂದರು. ಇನ್ನರ್ಧ ಜನ, ದುಡಿದು ದಣಿದ ಅಪ್ಪ ಮಗನ ಜೊತೆ ಆಡುತ್ತಿದ್ದಾನೆ ಅಷ್ಟೇ ಅಂದರು. ಚಹಾ ಆರಿಹೋಯಿತು, ಮಾತು ಮುಗಿಯಲಿಲ್ಲ.

ನನ್ನ ತೊಂದರೆ ಇನ್ನೂ ಚಿಕ್ಕದು. ಕವಿತೆ ಪೂರ್ತಿ ಅಪ್ಪನನ್ನೇ ಉದ್ದೇಶಿಸಿ ಹೇಳಿದ್ದು. ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಕೆಲಸ ಆಗುತ್ತೆ. ಕನ್ನಡದಲ್ಲಿ ನಾನು ಆರಿಸಲೇಬೇಕು. ‘ನೀವು’ ಅಂದರೆ ಅಪ್ಪ ದೂರ ಹೋಗುತ್ತಾನೆ, ಮಗು ಕೈಕಟ್ಟಿ ನಿಂತ ಹಾಗೆ ಕಾಣುತ್ತದೆ. ‘ನೀನು’ ಅಂದರೆ ಹೆದರಿಕೆಯೇ ಇಲ್ಲದ ಮನೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ನಾನು ಅಪ್ಪನಿಗೆ ಕೊನೆಯವರೆಗೂ ‘ನೀವು’ ಅಂದವನು. ಹಾಗಾಗಿ ನನ್ನ ಕಿವಿಯನ್ನು ನಾನೇ ನಂಬುತ್ತಿಲ್ಲ. ನೀವೆಲ್ಲ ಏನಂತೀರಿ?

ಮಲಪ್ರಭೆ:

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಡೆತದ ಪಂಗಡ.

ನಮ್ಮ ಅಪ್ಪ ಕುಡಿಯುತ್ತಿದ್ದ. ಬೆಳಗಾವಿ ಕಡೆಯ ಒಂದು ಹಳ್ಳಿ ನಮ್ಮದು. ಸಂಜೆ ಏಳು ದಾಟಿದರೆ ಅವ್ವ ಒಂದು ಕೆಲಸ ಮಾಡುತ್ತಿದ್ದಳು. ನಾಗೊಂದಿಗೆ ಮೇಲೆ ಸಾಲಾಗಿ ಇಟ್ಟ ತಂಬಿಗೆ, ಚರಿಗೆ, ಹಿತ್ತಾಳೆ ಡಬ್ಬಿ ಎಲ್ಲ ಒಂದೊಂದಾಗಿ ಇಳಿಸಿ ನೆಲದ ಮೇಲೆ ಇಡುತ್ತಿದ್ದಳು. ಬಿದ್ದರೆ ಸದ್ದಾಗುತ್ತದೆ, ಸದ್ದಾದರೆ ಅಪ್ಪನಿಗೆ ಸಿಟ್ಟು ಬರುತ್ತದೆ, ಅದಕ್ಕೆ. ಬೆಳಿಗ್ಗೆ ಮತ್ತೆ ಒಂದೊಂದಾಗಿ ಮೇಲಿಡುತ್ತಿದ್ದಳು. ನನಗೆ ಬುದ್ಧಿ ಬರುವ ತನಕ ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತಾರೆ ಅಂದುಕೊಂಡಿದ್ದೆ.

ಈ ಕವಿತೆಯ ಪಾತ್ರೆಗಳು ಜಾರಿ ಬೀಳುವ ಸಾಲು ಓದಿದಾಗ ನನಗೆ ಆ ಅಪ್ಪನೂ ಕಾಣಲಿಲ್ಲ, ಮಗನೂ ಕಾಣಲಿಲ್ಲ. ಆ ತಾಯಿ ಇವತ್ತು ಪಾತ್ರೆ ಇಳಿಸಿಡೋದು ಮರೆತಳಲ್ಲ ಅನ್ನಿಸಿತು. ಅವಳು ಯಾಕೆ ಒಂದು ಮಾತೂ ಆಡುವುದಿಲ್ಲ ಅಂತ ನಿಮ್ಮ ಎರಡೂ ಪಂಗಡದವರು ಕೇಳಿದ್ದೀರಾ?

ಹೆದರಿಕೆ ಇದ್ದರೆ ‘ನೀವು’, ಇಲ್ಲದಿದ್ದರೆ ‘ನೀನು’ ಅನ್ನೋ ಲೆಕ್ಕ ನನಗೆ ಹಿಡಿಸಲಿಲ್ಲ. ನಾವು ಅಪ್ಪನಿಗೆ ‘ನೀ’ ಅಂತಲೇ ಮಾತಾಡಿಸಿದ್ದು. ಹೆದರಿಕೆ ಬೇಕಾದಷ್ಟಿತ್ತು.

ಹಳೇ ಮೇಷ್ಟ್ರು:

ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಈ ಕವಿತೆಯನ್ನು ಎಷ್ಟೋ ಸಲ ತರಗತಿಯಲ್ಲಿ ಓದಿದ್ದೇನೆ. ಮಲಪ್ರಭೆ ಅವರೇ, ನಿಮ್ಮ ಅವ್ವ ಪಾತ್ರೆ ಇಳಿಸಿಡುತ್ತಿದ್ದ ಮಾತು ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ಅದನ್ನು ಅಲ್ಲಗಳೆಯುವ ಮಾತಲ್ಲ ಇದು. ಆದರೆ ಆ ಅಪ್ಪ ಯಾರು ಅಂತ ಸ್ವಲ್ಪ ಹೇಳಬೇಕು ಅನ್ನಿಸಿತು.

ರೆಟ್ಕಿ ಹುಟ್ಟಿದ್ದು 1908ರಲ್ಲಿ, ಮಿಷಿಗನ್ ರಾಜ್ಯದ ಸ್ಯಾಗಿನಾ ಊರಲ್ಲಿ. ಜರ್ಮನಿಯಿಂದ ವಲಸೆ ಬಂದ ಕುಟುಂಬ. ಅಪ್ಪ ಆಟೋ ರೆಟ್ಕಿ ತನ್ನ ಅಣ್ಣತಮ್ಮನ ಜೊತೆ ಸೇರಿ ಹೂವಿನ ಬೆಳೆ ಮಾಡುತ್ತಿದ್ದ. 25 ಎಕರೆ ಜಾಗ, ಅದರಲ್ಲಿ ದೊಡ್ಡ ದೊಡ್ಡ ಗಾಜಿನ ಮನೆಗಳು. ಗಾಜಿನ ಮನೆ ಅಂದ ತಕ್ಷಣ ನಮಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೆನಪಾಗುತ್ತೆ. ಇದು ಹಾಗಲ್ಲ. ಹೊರಗೆ ಹಿಮ ಬೀಳುವಾಗ ಒಳಗೆ ಗುಲಾಬಿ ಅರಳಬೇಕು. ಕೊಳವೆಗಳಲ್ಲಿ ರಾತ್ರಿಯಿಡೀ ಹಬೆ ಓಡಿಸಬೇಕು. ಒಂದು ರಾತ್ರಿ ಬೆಂಕಿ ಆರಿದರೆ ಬೆಳೆ ಹೋಯಿತು. ಗೊಬ್ಬರ ಹೊರುವುದು, ಕಳೆ ಕೀಳುವುದು, ಒಡೆದ ಗಾಜು ಬದಲಿಸುವುದು, ಎಲ್ಲವೂ ಕೈಕೆಲಸ.

ಇನ್ನು ಆ ಅಂಗೈ ನೋಡಿ. ಇಂಗ್ಲಿಷಿನ ‘ಡರ್ಟ್’ ಪದವನ್ನು ‘ಕೊಳೆ’ ಅಂತ ಅನುವಾದಿಸಿದರೆ ಅವನು ಬರೀ ಕುಡುಕ ಆಗಿಬಿಡುತ್ತಾನೆ. ಅಮೆರಿಕದವರು ಮಣ್ಣಿಗೂ ಅದೇ ಪದ ಬಳಸುತ್ತಾರೆ. ‘ಮಣ್ಣು’ ಅಂದರೆ ಅವನು ದುಡಿದು ಬಂದ ತೋಟಗಾರ. ಓದಿನಮನೆಯವರು ‘ಮಣ್ಣು’ ಅಂತಲೇ ಬರೆದಿದ್ದೀರಿ, ಸರಿಯಾಗಿದೆ.

ಇನ್ನೊಂದು ವಿಷಯ. ಅಪ್ಪ 1923ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹುಡುಗನಿಗೆ ಇನ್ನೂ ಹದಿನಾಲ್ಕು. ಕವಿತೆ ಮೊದಲು ಅಚ್ಚಾದದ್ದು 1942ರಲ್ಲಿ. ಅಂದರೆ ಅಪ್ಪ ಹೋಗಿ ಹತ್ತೊಂಬತ್ತು ವರ್ಷ ಆಗಿತ್ತು. ಆಮೇಲೆ 1948ರಲ್ಲಿ ‘ದಿ ಲಾಸ್ಟ್ ಸನ್’ ಸಂಕಲನದಲ್ಲಿ ಸೇರಿತು. ಆ ಸಂಕಲನದ ಹೆಸರಿನದೇ ದೀರ್ಘ ಕವಿತೆಯಲ್ಲಿ ಬೆಳಗಿನ ಜಾವ ಕೊಳವೆಗಳಲ್ಲಿ ಹಬೆ ಸದ್ದು ಮಾಡುತ್ತೆ, ಪಾಪಾ ಬರುತ್ತಿದ್ದಾನೆ ಅನ್ನುವ ಕೂಗು ಬರುತ್ತೆ. ಅದರ ಜೊತೆಗೆ ಜರ್ಮನ್ ಭಾಷೆಯ ‘ಆರ್ಡ್‌ನುಂಗ್’ ಅನ್ನುವ ಪದ. ಅಚ್ಚುಕಟ್ಟು, ಶಿಸ್ತು ಅಂತ ಅರ್ಥ. ಅದೇ ಕವಿತೆಯ ಇನ್ನೊಂದು ಕಡೆ ಭಯವೇ ನನ್ನ ಅಪ್ಪ ಅಂತಲೂ ಬರೆದ. ಆಟ ಆಡಿಸಿದ ಅಪ್ಪ, ಶಿಸ್ತಿನ ಅಪ್ಪ, ಭಯದ ಅಪ್ಪ ಮೂವರೂ ಒಬ್ಬನೇ.

ಹಾಗಾಗಿ ನನ್ನ ಓಟು ‘ನೀವು’ಗೆ. ಜರ್ಮನ್ ಶಿಸ್ತಿನ ಮನೆ ಅದು.

ಕಡಲತಡಿ:

ಮೇಷ್ಟ್ರೇ, ಅದೇ ಮಿಷಿಗನ್ ರಾಜ್ಯದಿಂದ ಇನ್ನೊಂದು ಕವಿತೆ ತರಲಾ? ರಾಬರ್ಟ್ ಹೇಡನ್ ಅವರ ‘ದೋಸ್ ವಿಂಟರ್ ಸಂಡೇಸ್’, 1962ರದು. ಹೇಡನ್ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ, 1913ರಲ್ಲಿ. ಕಪ್ಪು ಜನರ ಬಡ ಕೇರಿ. ಹೆತ್ತವರು ಬೇರೆಯಾಗಿದ್ದರು. ಪಕ್ಕದ ಮನೆಯ ಹೇಡನ್ ದಂಪತಿ ಸಾಕಿಕೊಂಡರು. ಅಂದರೆ ಕವಿತೆಯಲ್ಲಿ ಬರುವ ಅಪ್ಪ ಸಾಕುತಂದೆ.

ಹದಿನಾಲ್ಕು ಸಾಲಿನ ಕವಿತೆ. ಚಳಿಗಾಲದ ಭಾನುವಾರವೂ ಅಪ್ಪ ಎಲ್ಲರಿಗಿಂತ ಮುಂಚೆ ಎದ್ದು, ವಾರವಿಡೀ ದುಡಿದು ಸೀಳುಬಿಟ್ಟ ಕೈಯಲ್ಲಿ ಒಲೆಗೆ ಬೆಂಕಿ ಹಾಕುತ್ತಾನೆ. ಮನೆ ಬೆಚ್ಚಗಾದ ಮೇಲೆ ಮಗನನ್ನು ಕರೆಯುತ್ತಾನೆ. ಮಗನ ಒಳ್ಳೆಯ ಶೂಗೆ ಪಾಲಿಶ್ ಕೂಡ ಹಾಕಿಟ್ಟಿರುತ್ತಾನೆ. ಯಾರೂ ಅವನಿಗೆ ಒಂದು ಒಳ್ಳೆಯ ಮಾತು ಹೇಳುವುದಿಲ್ಲ. ಮಗ ನಿಧಾನಕ್ಕೆ ಏಳುತ್ತಾನೆ, ಆ ಮನೆಯ ಹಳೇ ಸಿಟ್ಟುಗಳಿಗೆ ಹೆದರಿಕೊಂಡು. ಯಾರ ಸಿಟ್ಟು ಅಂತ ಹೇಡನ್ ಹೇಳಲ್ಲ, ಮನೆಯ ಸಿಟ್ಟು ಅಂತಾರೆ ಅಷ್ಟೇ. ಗೋಡೆಗೇ ಸಿಟ್ಟು ಅಂಟಿದ ಹಾಗೆ.

‘ಭಾನುವಾರವೂ’ ಅನ್ನುವಲ್ಲಿ ಕೊನೆಯ ಆ ‘ಊ’ ಇದೆಯಲ್ಲ, ಕವಿತೆ ಪೂರ್ತಿ ಅದರ ಮೇಲೆ ನಿಂತಿದೆ ಅಂತ ನನಗೆ ಅನ್ನಿಸುತ್ತೆ. ಮಿಕ್ಕ ಆರು ದಿನದ ಲೆಕ್ಕ ಆ ಒಂದು ಅಕ್ಷರದಲ್ಲಿದೆ.

ಕೊನೆಯಲ್ಲಿ ಹೇಡನ್ ಪ್ರೀತಿಯ ಕೆಲಸಗಳಿಗೆ ‘ಆಫೀಸಸ್’ ಅನ್ನುವ ಪದ ಬಳಸುತ್ತಾರೆ. ಕಚೇರಿ ಅಲ್ಲ. ಹೊತ್ತು ಹೊತ್ತಿಗೆ ತಪ್ಪದೆ ಮಾಡುವ ಪೂಜೆ, ಪ್ರಾರ್ಥನೆಗೂ ಚರ್ಚಿನಲ್ಲಿ ಆ ಪದ ಇದೆ. ನಮ್ಮ ಕರಾವಳಿಯಲ್ಲಿ ಅದಕ್ಕೆ ಒಳ್ಳೆಯ ಪದ ಇದೆ: ನೇಮ. ಯಾರು ನೋಡಲಿ ಬಿಡಲಿ, ನಡೆಯಲೇಬೇಕಾದ್ದು. ನನ್ನ ಅಪ್ಪ ಮೀನುಗಾರಿಕೆ ದೋಣಿಗೆ ಹೋಗುತ್ತಿದ್ದರು. ಬಾಯಿ ಬಿಟ್ಟರೆ ಬೈಗುಳ. ಆದರೆ ನನ್ನ ಶಾಲೆಯ ಚೀಲದ ಹರಿದ ಪಟ್ಟಿಯನ್ನು ಬಲೆ ಹೆಣೆಯುವ ನೂಲಿನಲ್ಲಿ ಹೊಲಿದುಕೊಟ್ಟದ್ದು ಅವರೇ. ಆ ಹೊಲಿಗೆ ಚೀಲ ಹರಿದರೂ ಬಿಚ್ಚಲಿಲ್ಲ. ಅಪ್ಪನಿಗೆ ನಾನು ಥ್ಯಾಂಕ್ಸ್ ಹೇಳಿದ್ದು ನೆನಪಿಲ್ಲ. ನಮ್ಮಲ್ಲಿ ಹಾಗೆ ಹೇಳುವ ಅಭ್ಯಾಸವೇ ಇರಲಿಲ್ಲ.

ಮಲಪ್ರಭೆ:

ಕಡಲತಡಿ ಅವರೇ, ನಿಮ್ಮ ಅಪ್ಪನ ಹೊಲಿಗೆ ಚೆನ್ನಾಗಿದೆ. ಆದರೆ ಎರಡೂ ಕವಿತೆಯನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಹೇಡನ್‌ನ ಮಗ ದೊಡ್ಡವನಾಗಿ ಪಶ್ಚಾತ್ತಾಪ ಪಡುತ್ತಿದ್ದಾನೆ. ನನಗೇನು ಗೊತ್ತಿತ್ತು ಅಂತ ಎರಡೆರಡು ಸಲ ಕೇಳಿಕೊಳ್ಳುತ್ತಾನೆ. ರೆಟ್ಕಿಯ ಕವಿತೆಯಲ್ಲಿ ಪಶ್ಚಾತ್ತಾಪ ಇಲ್ಲ, ಕ್ಷಮೆ ಇಲ್ಲ, ದೂರೂ ಇಲ್ಲ. ಆ ಮಗು ಇನ್ನೂ ಕುಣಿಯುತ್ತಲೇ ಇದೆ.

ಮತ್ತೆ ಮೇಷ್ಟ್ರೇ, ಬೇಸರ ಮಾಡ್ಕೋಬೇಡಿ. ಅಪ್ಪ ದುಡಿದು ದಣಿದಿದ್ದ ಅನ್ನೋ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅವ್ವನೂ ದುಡಿದು ದಣಿದಿದ್ದಳು. ಅವಳ ಅಂಗೈಯೂ ಮಣ್ಣು ಮೆತ್ತಿ ಗಟ್ಟಿಯಾಗಿತ್ತು.

ಹಳೇ ಮೇಷ್ಟ್ರು:

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮಾ. ನೀವು ಹೇಳಿದ್ದು ಸರಿ.

ಮಾಸ್ತರ_ಎಂಟನೇತರಗತಿ:

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಒಂದು ಶನಿವಾರ, ಪಠ್ಯ ಬಿಟ್ಟು, ಈ ಕವಿತೆಯ ಸಾರಾಂಶವನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳಿದೆ. ಪ್ರೀತಿಯಾ ಹೊಡೆತವಾ ಅಂತ ನಾನು ಕೇಳಲೂ ಇಲ್ಲ, ಅವರೂ ಆ ಗೋಜಿಗೆ ಹೋಗಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, ‘ಸರ್, ಆ ಹುಡುಗನ ಕಿವಿ ಬೆಲ್ಟಿಗೆ ತಾಗಬೇಕಂದ್ರೆ ಎಷ್ಟು ಎತ್ತರ ಇರಬೇಕು?’ ಅಂದ.

ನಾನು ಇದನ್ನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಅವನನ್ನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವನ ಕಿವಿ ನನ್ನ ಎದೆಯ ಹತ್ತಿರ ಬಂತು. ಅವನು ಓಡಿಹೋಗಿ ಪಕ್ಕದ ಪ್ರೈಮರಿ ಶಾಲೆಯಿಂದ ಒಂದನೇ ಕ್ಲಾಸಿನ ತನ್ನ ತಂಗಿಯನ್ನು ಕರೆತಂದ. ಅವಳನ್ನು ನಿಲ್ಲಿಸಿದರೆ ಕಿವಿ ಸರಿಯಾಗಿ ನನ್ನ ಬಕಲ್ ಸಮಕ್ಕೆ ಬಂತು. ಇಡೀ ತರಗತಿ ನಿಶ್ಶಬ್ದ ಆಯಿತು. ಆ ಪುಟ್ಟಿಗೆ ಏನೂ ಗೊತ್ತಿಲ್ಲ, ನಗುತ್ತ ನನ್ನ ಮುಖ ನೋಡುತ್ತಿದ್ದಳು. ನಾನು ಬಗ್ಗಿ ನೋಡಿದಾಗ ನನ್ನ ಕೈ ಎಷ್ಟು ದೊಡ್ಡದು ಅಂತ ಗೊತ್ತಾಯಿತು.

ಅಂದರೆ ಕವಿತೆಯ ಹುಡುಗನಿಗೆ ಹೆಚ್ಚೆಂದರೆ ಆರು ವರ್ಷ. ಆ ವಯಸ್ಸಲ್ಲಿ ನೀನು, ನೀವು ಅನ್ನುವ ಭೇದ ಯಾವ ಮಗುವಿಗೆ ಇರುತ್ತೆ? ನನ್ನ ಓಟು ‘ನೀನು’.

ತುಮಕೂರಿನ_ಓದುಗ:

ಎಲ್ಲರೂ ಅಪ್ಪಂದಿರ ಸುತ್ತ ತಿರುಗುತ್ತಿದ್ದೀರಿ. ಒರಟು ಅಂದ ತಕ್ಷಣ ಅಪ್ಪನೇ ಆಗಬೇಕಾ? ನಮ್ಮಲ್ಲೇ ಲಂಕೇಶರ ‘ಅವ್ವ’ ಇದೆ. ‘ನನ್ನವ್ವ ಫಲವತ್ತಾದ ಕಪ್ಪು ನೆಲ’ ಅನ್ನುವ ಸಾಲು ಕನ್ನಡ ಪಠ್ಯ ಓದಿದ ಎಷ್ಟೋ ಜನರಿಗೆ ಬಾಯಿಗೇ ಬರುತ್ತೆ. ಎ. ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೂ ತಂದಿದ್ದಾರೆ.

ಆದರೆ ಬಾಯಿಗೆ ಬರುವುದು ಮೊದಲ ಸಾಲು ಮಾತ್ರ. ಮುಂದೆ ಓದಿ. ತಾಯಿಯನ್ನು ಕಾಡಿನ ಕರಡಿಗೆ ಹೋಲಿಸುತ್ತಾರೆ. ನೊಂದ ನಾಯಿಗೆ ಹೋಲಿಸುತ್ತಾರೆ. ಬೈದವಳು, ಗೊಣಗಿದವಳು, ಗುದ್ದಾಡಿದವಳು. ಕಾಸು ಗಂಟು ಹಾಕಿದವಳು. ಸಾವಿತ್ರಿ ಅಲ್ಲ, ಜಾನಕಿ ಅಲ್ಲ, ಊರ್ಮಿಳೆ ಅಲ್ಲ ಅಂತ ನೇರವಾಗಿ ಹೇಳುತ್ತಾರೆ. ಕನ್ನಡದಲ್ಲಿ ತಾಯಿ ಅಂದರೆ ದೇವರ ಪಟ. ಅಲ್ಲಿಂದ ಅವಳನ್ನು ಇಳಿಸಿ ಹೊಲಕ್ಕೆ ಕರೆತಂದ ಕವಿತೆ ಅದು. ಕೊನೆಗೆ ಕೃತಜ್ಞತೆ ಬರುತ್ತೆ ನಿಜ. ಆದರೆ ಬಯ್ಗುಳ, ಗುದ್ದಾಟ ಯಾವುದನ್ನೂ ವಾಪಸ್ ತೆಗೆದುಕೊಳ್ಳದೆ ಬರುತ್ತೆ. ಮನೆಯಿಂದ ಹೊಲಕ್ಕೆ ಹೊರಟ ಹಾಗೆ ತಣ್ಣಗೆ ಹೊರಟುಹೋದಳು ಅಂತಾರೆ. ಒಂದು ಹನಿ ಜಾಸ್ತಿ ಅಳು ಇಲ್ಲ.

ಲಂಕೇಶರಿಗೆ ನಿಮ್ಮ ತೊಂದರೆ ಬರಲಿಲ್ಲ ನೋಡಿ. ಅವರು ‘ನೀನು’ ಅಂತಲೂ ಕರೆಯಲಿಲ್ಲ. ಅವಳು ಅಂತ ಪಕ್ಕದಲ್ಲಿ ನಿಂತು ಹೇಳುತ್ತಾರೆ, ಕೇಳುವ ನಮಗೆ. ರೆಟ್ಕಿ ಸತ್ತ ಅಪ್ಪನ ಮುಖ ನೋಡಿ ಮಾತಾಡುತ್ತಿದ್ದಾನೆ. ಇದು ದೊಡ್ಡ ವ್ಯತ್ಯಾಸ ಅಲ್ವಾ?

ಬಿಳಿಹಾಳೆ:

ಸತ್ತ ಅಪ್ಪನ ಜೊತೆ ನೇರ ಮಾತಾಡಿದ ಇನ್ನೊಬ್ಬಳು ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್. ‘ಡ್ಯಾಡಿ’ ಬರೆದದ್ದು 1962ರ ಅಕ್ಟೋಬರ್‌ನಲ್ಲಿ. ಅವಳ ಅಪ್ಪನ ಹೆಸರೂ ಆಟೋ, ಅವನೂ ಜರ್ಮನ್ ಮೂಲದವನು. 1940ರಲ್ಲಿ ಅವನು ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಪ್ಲಾತ್ ರೆಟ್ಕಿಯನ್ನು ಆಳವಾಗಿ ಓದಿಕೊಂಡಿದ್ದಳು, 1959ರ ಅವಳ ಕವಿತೆಗಳಲ್ಲಿ ಅವನ ನೆರಳು ಚೆನ್ನಾಗಿ ಕಾಣುತ್ತೆ.

ಆದರೆ ‘ಡ್ಯಾಡಿ’ಯಲ್ಲಿ ಸಿಟ್ಟು ಬಾಗಿಲು ಒಡೆದುಕೊಂಡು ಬರುತ್ತೆ. ಅವಳದು ಮಗಳ ಕವಿತೆ. ರೆಟ್ಕಿಯ ಹಸ್ತಪ್ರತಿಯ ಮೊದಲ ರೂಪದಲ್ಲಿ ಪುಟ್ಟ ಹುಡುಗನ ಬದಲು ಪುಟ್ಟ ಹುಡುಗಿ ಇತ್ತಂತೆ, ಆಮೇಲೆ ಬದಲಿಸಿದ್ದು. ಅದು ತಿಳಿದ ಮೇಲೆ ನನಗೆ ಆ ಕವಿತೆ ಓದುವಾಗ ಬೇರೆಯೇ ಭಯ. ಕುಡಿದ ಅಪ್ಪ, ಮಣಿಕಟ್ಟು ಹಿಡಿದ ಕೈ, ಅಲ್ಲಿ ಹುಡುಗಿ ಇದ್ದಿದ್ದರೆ ‘ಆಟ’ ಅನ್ನುವ ಪಂಗಡದಲ್ಲಿ ಎಷ್ಟು ಜನ ಉಳಿಯುತ್ತಿದ್ದರು?

ಓದಿನಮನೆ:

ಎಲ್ಲರಿಗೂ ನಮಸ್ಕಾರ. ಬಿಳಿಹಾಳೆ ಅವರ ಪ್ರಶ್ನೆಯನ್ನು ನಮ್ಮ ಗುಂಪಿನಲ್ಲಿ ಖಂಡಿತ ಕೇಳುತ್ತೇನೆ.

ಇನ್ನೂ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಮಗು ಅಪ್ಪನನ್ನು ಸಾವಿನ ಹಾಗೆ ಹಿಡಿದುಕೊಂಡೆ ಅನ್ನುತ್ತದೆ. ಕನ್ನಡದಲ್ಲಿ ‘ಉಡ ಹಿಡಿದ ಹಾಗೆ’ ಅಂದರೆ ತಕ್ಷಣ ಅರ್ಥ ಆಗುತ್ತೆ, ಆದರೆ ಸಾವು ಹೋಗಿಬಿಡುತ್ತೆ. ಕವಿತೆ ಅಚ್ಚಾಗುವ ಹೊತ್ತಿಗೆ ಅಪ್ಪ ಸತ್ತು ಹತ್ತೊಂಬತ್ತು ವರ್ಷ ಅಂತ ಮೇಷ್ಟ್ರು ಹೇಳಿದ ಮೇಲಂತೂ ಆ ಪದ ಬಿಡಲು ಮನಸ್ಸಿಲ್ಲ. ಎರಡು, ಅಮ್ಮನ ಮುಖ. ಇಂಗ್ಲಿಷಿನಲ್ಲಿ ಅವನೇ ಹುಟ್ಟಿಸಿದಂತೆ ಕೇಳುವ ವಿಚಿತ್ರ ಪದ, ಮುಖ ತನ್ನ ಗಂಟನ್ನು ತಾನೇ ಸಡಿಲಿಸಲಾರದೆ ಹೋಯಿತು ಅನ್ನುವ ಹಾಗೆ.

ಜೊತೆಗೆ ಲಯ. ವಾಲ್ಟ್ಸ್ ಅಂದರೆ ಮೂರು ಪೆಟ್ಟಿನ ಕುಣಿತ, ಒಂದು-ಎರಡು-ಮೂರು. ಕವಿತೆಯಲ್ಲೂ ಸಾಲಿಗೆ ಮೂರು ಪೆಟ್ಟು. ಗದ್ಯದಲ್ಲಿ ಬರೆದರೆ ಕುಣಿತವೇ ಹೋಗುತ್ತೆ.

ತಕಿಟ:

ನಾನು ಮೃದಂಗ ನುಡಿಸುವವನು, ಕವಿ ಅಲ್ಲ. ಆದರೂ ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ಮೂರರ ನಡೆ ಬೇಕಾದರೆ ಹೊರಗೆ ಹುಡುಕಬೇಕಾಗಿಲ್ಲ, ಉತ್ಸಾಹ ರಗಳೆ ಇದೆ. ಮೂರು ಮೂರು ಮಾತ್ರೆಯ ಗಣ. ತಕಿಟ ತಕಿಟ ತಕಿಟ ತಕಿಟ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿರಬಹುದು. ಮಾತ್ರೆಗೊಂದು ಮಾತ್ರೆ ಕೂರಿಸಿ ನೋಡಿದೆ:

ಸಾವಿನಂತೆ ಹಿಡಿದುಕೊಂಡೆ

ಸಾವಿ, ನಂತೆ, ಹಿಡಿದು, ಕೊಂಡೆ. ನಾಲ್ಕು ಗಣ, ಒಂದೂ ತಪ್ಪಿಲ್ಲ. ಉಡ ಬೇಡ, ಸಾವೇ ಇರಲಿ. ಕೇಳಲು ಸ್ವಲ್ಪ ಒರಟು, ಆದರೆ ಕವಿತೆಯೂ ಹಾಗೇ ಇದೆಯಲ್ಲ.

ಅಮ್ಮನ ಸಾಲಿಗೆ ಕನ್ನಡ ಇಂಗ್ಲಿಷಿಗಿಂತ ಚೆನ್ನಾಗಿ ಒದಗುತ್ತದೆ. ನಾವು ಹುಬ್ಬು ‘ಗಂಟಿಕ್ಕುತ್ತೇವೆ’. ಗಂಟು ಅಂದ ಮೇಲೆ ಬಿಚ್ಚಲೂಬಹುದು. ಅವನು ಹೊಸ ಪದದ ಹತ್ತಿರ ಹೋಗಬೇಕಾದ್ದು ನಮ್ಮಲ್ಲಿ ಮನೆಮಾತಿನಲ್ಲೇ ಇದೆ:

ಹುಬ್ಬ ಗಂಟು ಬಿಚ್ಚಲಿಲ್ಲ

ಮತ್ತೆ ತಲೆಯ ಮೇಲೆ ತಾಳ. ‘ತಾಳ ಹಾಕಿದೆ’ ಅನ್ನಬೇಡಿ, ಅದು ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರು ತೊಡೆಯ ಮೇಲೆ ಮಾಡುವುದು. ‘ಬಡಿ’ ಅನ್ನಿ. ಇಂಗ್ಲಿಷಿನ ‘ಬೀಟ್’ ಪದದಲ್ಲಿ ತಾಳವೂ ಇದೆ, ಪೆಟ್ಟೂ ಇದೆ. ನಮ್ಮ ‘ಬಡಿ’ಯಲ್ಲೂ ಎರಡೂ ಇವೆ. ಡೋಲು ಬಡಿಯುತ್ತೇವೆ, ಮಕ್ಕಳನ್ನೂ ಬಡಿಯುತ್ತೇವೆ.

ತಲೆಯ ಮೇಲೆ ತಾಳ ಬಡಿದೆ
ನಿನ್ನ ಅಂಗಿ ಬಿಡದೆ ಹಿಡಿದೆ

ಬರೆದು ಬಾಯಲ್ಲಿ ಹೇಳಿಕೊಂಡಾಗ ನನಗೇ ಮೈ ಜುಮ್ ಅಂತು. ಯಾಕೆ ಅಂತ ತಕ್ಷಣ ಗೊತ್ತಾಗಲಿಲ್ಲ.

ಓದಿನಮನೆ:

ತಕಿಟ ಅವರೇ, ಯಾಕೆ ಅಂತ ನನಗೆ ಗೊತ್ತಾಯಿತು ಅನ್ನಿಸುತ್ತೆ. ರಾತ್ರಿ ಹನ್ನೊಂದಕ್ಕೆ ನಿಮ್ಮ ಸಾಲು ಓದಿದೆ. ಬೆಳಿಗ್ಗೆ ವಾಕಿಂಗ್ ಹೋದಾಗಲೂ ಅದೇ ಗುನುಗುತ್ತಿದ್ದೆ. ನಡೆಯುತ್ತ ನಡೆಯುತ್ತ ಒಂದು ಕಡೆ ನಿಂತುಬಿಟ್ಟೆ.

‘ಹಿಡಿದೆ’ ಅಂದರೆ ಯಾರು ಹಿಡಿದದ್ದು? ‘ನಾನು ಹಿಡಿದೆ’ ಅಂತೀವಿ. ‘ನೀನು ಹಿಡಿದೆ’ ಅಂತಲೂ ಅಂತೀವಿ. ಕ್ರಿಯಾಪದ ಒಂದೇ! ‘ಬಡಿದೆ’ಯೂ ಅಷ್ಟೇ. ನಾನು, ನೀನು ಅನ್ನುವ ಮಾತನ್ನು ಸಾಲಿನಿಂದ ತೆಗೆದರೆ ಯಾರು ಬಡಿದರು, ಯಾರು ಹಿಡಿದುಕೊಂಡರು ಅಂತ ಕ್ರಿಯಾಪದ ನೋಡಿ ಹೇಳಲು ಬರುವುದಿಲ್ಲ. ಕತೆ ಗೊತ್ತಿದ್ದರಿಂದ ನಮಗೆ ಗೊತ್ತಾಗುತ್ತೆ ಅಷ್ಟೇ. ಕವಿತೆಯಲ್ಲೂ ಇಬ್ಬರೂ ಹಿಡಿದಿದ್ದಾರೆ. ಅಪ್ಪ ಮಗನ ಮಣಿಕಟ್ಟನ್ನು, ಮಗ ಅಪ್ಪನ ಅಂಗಿಯನ್ನು. ಬೀಳುವ ಭಯಕ್ಕೆ ಹಿಡಿದದ್ದಾ, ಬಿಡಲು ಇಷ್ಟ ಇಲ್ಲದೆ ಹಿಡಿದದ್ದಾ ಅಂತ ನಾವು ಹದಿನೈದು ದಿನದಿಂದ ಜಗಳ ಆಡುತ್ತಿದ್ದೇವೆ. ಆ ಮಗುವಿಗೆ ಅದು ಎರಡಲ್ಲ. ಹೆದರಿಸುವವನೂ ಅವನೇ, ಹೆದರಿಕೆ ಆದಾಗ ಹಿಡಿದುಕೊಳ್ಳಲು ಕೈಗೆ ಸಿಗುವವನೂ ಅವನೇ.

ಇದೆಲ್ಲ ‘ನೀನು’ ಅಂದರೆ ಮಾತ್ರ. ‘ನೀವು’ ಅಂದರೆ ಬಡಿದಿರಿ, ಹಿಡಿದಿರಿ ಆಗುತ್ತೆ. ಇಬ್ಬರೂ ಬೇರೆ ಬೇರೆಯಾಗಿಬಿಡುತ್ತಾರೆ. ಮೇಷ್ಟ್ರೇ, ದಯವಿಟ್ಟು ಕ್ಷಮಿಸಿ, ನಾನು ‘ನೀನು’ ಅಂತಲೇ ಬರೆಯುತ್ತೇನೆ. ನನ್ನ ಅಪ್ಪನಿಗೆ ಜೀವನದಲ್ಲಿ ಒಮ್ಮೆಯೂ ಹಾಗನ್ನದವನು ಈಗ ಇನ್ನೊಬ್ಬನ ಅಪ್ಪನಿಗೆ ಅನ್ನುತ್ತಿದ್ದೇನೆ.

ಹಳೇ ಮೇಷ್ಟ್ರು:

ಕ್ಷಮೆ ಯಾಕಪ್ಪಾ. ಮೂವತ್ತು ವರ್ಷ ಪಾಠ ಮಾಡಿದರೂ ನನಗೆ ಹೊಳೆಯದ ವಿಷಯ ಇದು. ನನ್ನ ಓಟು ವಾಪಸ್.

ರೆಟ್ಕಿಯ ಬಗ್ಗೆ ಒಂದು ಮಾತು ಉಳಿದಿತ್ತು, ಹೇಳಿಬಿಡುತ್ತೇನೆ. ಅವನು 1963ರಲ್ಲಿ ತೀರಿಕೊಂಡ, ಐವತ್ತೈದು ವಯಸ್ಸಿಗೆ. ಮರುವರ್ಷ ಬಂದ ‘ದಿ ಫಾರ್ ಫೀಲ್ಡ್’ ಸಂಕಲನದಲ್ಲಿ ‘ಆಟೋ’ ಅನ್ನುವ ಕವಿತೆ ಇದೆ. ಅಪ್ಪನ ಹೆಸರೇ ಶೀರ್ಷಿಕೆ. ಅದರಲ್ಲಿ ಅಪ್ಪ ತನ್ನ ಜಾಗಕ್ಕೆ ಕದ್ದು ಬೇಟೆಗೆ ಬಂದ ಇಬ್ಬರ ಕಡೆ ಗುಂಡು ಹಾರಿಸಿ, ಹತ್ತಿರ ಹೋಗಿ ಇಬ್ಬರಿಗೂ ಕಪಾಳಕ್ಕೆ ಬಾರಿಸುತ್ತಾನೆ. ಮಗ ಅದನ್ನು ಮುಚ್ಚಿಡುವುದಿಲ್ಲ. ಅದೇ ಕವಿತೆಯ ಕೊನೆಗೆ ಆ ಗಾಜಿನ ತೋಟದ ಲೋಕ ಕಳೆದುಹೋಯಿತಲ್ಲ ಅಂತ ಹಂಬಲಿಸುತ್ತಾನೆ. ಮೊದಲ ಕವಿತೆ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಹಿಡಿದ ಅಂಗಿ ಬಿಟ್ಟಿರಲಿಲ್ಲ.

ಮಲಪ್ರಭೆ:

ನಾಲ್ಕು ದಿನ ಇಲ್ಲಿಗೆ ಬರಲಿಲ್ಲ. ಇವತ್ತು ಎಲ್ಲ ಒಟ್ಟಿಗೆ ಓದಿದೆ.

ತಕಿಟ ಅವರ ಎರಡು ಸಾಲು ಚೆನ್ನಾಗಿದೆ. ಓದಿನಮನೆಯವರು ಕಂಡುಕೊಂಡದ್ದೂ ನಿಜ. ಆದರೆ ನಿಮಗೊಂದು ಗೊತ್ತಾ? ನಮ್ಮ ಕಡೆ ಮಾತಲ್ಲಿ ಅದು ಒಂದೇ ಅಲ್ಲ. ನಾವು ‘ನೀ ಬಂದಿ’ ಅಂತೀವಿ, ‘ನಾ ಬಂದೆ’ ಅಂತೀವಿ. ನೀ ಬಡದಿ, ನಾ ಹಿಡದೆ. ನಮ್ಮ ಮನೆಯಲ್ಲಿ ಯಾರು ಬಡದ್ರು, ಯಾರು ಹಿಡದ್ರು ಅನ್ನೋದು ಯಾವತ್ತೂ ಗೊಂದಲ ಆಗಲ್ಲ. ಮಾತೇ ಬಿಡೋದಿಲ್ಲ.

ನಿಮ್ಮ ‘ಬಡಿದೆ’ಯಲ್ಲಿ ಇಬ್ಬರೂ ಬೆರೆತುಹೋಗುತ್ತಾರೆ. ಓದೋಕೆ ಚಂದ. ಆದರೆ ನನಗೆ ಒಳಗೆ ಏನೋ ಚುಚ್ಚಿತು. ಅಪ್ಪ ಬಡಿದದ್ದರಲ್ಲಿ ನನ್ನದೂ ಪಾಲಿದೆ ಅನ್ನೋ ಹಾಗೆ. ಚಿಕ್ಕಂದಿನಲ್ಲಿ ಹಾಗೇ ಅಂದುಕೊಂಡಿದ್ದೆ, ನಾನೇನೋ ಮಾಡಿದ್ದಕ್ಕೆ ಅಂತ. ಅದರಿಂದ ಹೊರಗೆ ಬರೋಕೆ ಬಹಳ ವರ್ಷ ಬೇಕಾಯಿತು.

ಹಾಗಂತ ಅಪ್ಪನ ಬಗ್ಗೆ ಬರೀ ಅದೇ ಇಲ್ಲ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋದಾಗ ಜನ ತುಳಿದುಬಿಟ್ಟಾರು ಅಂತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ಹತ್ತಿದ. ಭಂಡಾರ ಹಾರಿ ಹಾರಿ ಅವನ ತಲೆ ಪೂರ್ತಿ ಹಳದಿ. ನಾನು ಎರಡೂ ಕೈಯಲ್ಲಿ ಅವನ ಕೂದಲು ಗಟ್ಟಿಯಾಗಿ ಹಿಡಿದಿದ್ದೆ. ನೋವಾಗಿರಬೇಕು, ಬಿಡು ಅನ್ನಲಿಲ್ಲ. ಮನೆಗೆ ಬಂದ ಮೇಲೂ ನನ್ನ ಬೆರಳ ಸಂದಿನಲ್ಲಿ ಆ ಹಳದಿ ಇತ್ತು. ಅದೇ ವಾರ ಅವ್ವನ ಕೈ ಊದಿತ್ತು. ಎರಡೂ ಅದೇ ವಾರ. ಯಾವುದನ್ನು ಯಾವುದರ ಜೊತೆ ಇಡಲಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಓದಿನಮನೆಯವರೇ, ನಿಮ್ಮ ಗುಂಪಿನಲ್ಲಿ ಅವರ ಸಾಲು ಓದಿ. ಆಮೇಲೆ ಆಗುವುದಾದರೆ ಇದನ್ನೂ ಓದಿ. ತಾಳ ಕೂಡುತ್ತೋ ಇಲ್ಲವೋ ತಕಿಟ ಅವರು ನೋಡಲಿ:

ತಲಿ ಮ್ಯಾಗ ತಾಳ ನೀ ಬಡದಿ
ನಿನ್ನಂಗಿ ಬಿಡದ ನಾ ಹಿಡದೆ

ತಕಿಟ:

ಮೂರರ ನಡೆ ಅಲ್ಲಲ್ಲಿ ತಪ್ಪುತ್ತೆ ಅಕ್ಕಾ. ಅಪ್ಪನೂ ಹೆಜ್ಜೆ ತಪ್ಪುತ್ತಾನಲ್ಲ, ತಪ್ಪಲಿ. ಹಾಗೇ ಇರಲಿ, ಒಂದಕ್ಷರವೂ ಮುಟ್ಟಬೇಡಿ.

ಓದಿನಮನೆ:

ಎರಡನ್ನೂ ಒಂದೇ ಹಾಳೆಯಲ್ಲಿ, ಅಕ್ಕಪಕ್ಕ ಬರೆದುಕೊಂಡಿದ್ದೇನೆ. ಭಾನುವಾರ ಸಂಜೆ ಐದಕ್ಕೆ ಸೇರುತ್ತೇವೆ. ಮಲಪ್ರಭೆ ಅವರೇ, ‘ಮ್ಯಾಗ’ ಅನ್ನುವಲ್ಲಿ ನನ್ನ ನಾಲಿಗೆ ಇನ್ನೂ ತೊದಲುತ್ತಿದೆ. ಒಂದು ಸಲ ನೀವೇ ಓದಿ, ಧ್ವನಿ ರೆಕಾರ್ಡ್ ಮಾಡಿ ಕಳಿಸುತ್ತೀರಾ?